ಬಾಗಿಲು ತೆಗಿ, ಹಸಿವು ಬಂದಿದೆ

ಬನ್ನಿಗೆ ಎಳ್ಳು ಅಂಟಿಸುವುದು ನನ್ನ ಕೆಲಸ, ಅದಕ್ಕೆ ಮಾತು ಅಂಟಿಸುವುದು ಅವರ ಕೆಲಸ. ಆರು ವರ್ಷದಿಂದ ಒಂದೇ ಕೋಣೆಯಲ್ಲಿ, ಒಂದೇ ಕಿಟಕಿಯ ಎರಡು ಬದಿಗೆ ಕೂತು ನಾವಿಬ್ಬರೂ ಇದನ್ನೇ ಮಾಡುತ್ತಿದ್ದೇವೆ. ನಾನು ಚಿಮುಟ ಹಿಡಿದು ಒಂದೊಂದೇ ಎಳ್ಳನ್ನು ಅಂಟಿನಲ್ಲಿ ಅದ್ದಿ ಬನ್ನಿನ ಬೋಳು ಜಾಗಕ್ಕೆ ಕೂರಿಸುತ್ತೇನೆ, ಕರಿದ ಕೋಳಿಗೆ ಕುಂಚದಿಂದ ಎಣ್ಣೆ ಸವರುತ್ತೇನೆ, ಸೊಪ್ಪು ಕುಸಿಯದ ಹಾಗೆ ಅಡಿಗೆ ಹತ್ತಿ ತುರುಕುತ್ತೇನೆ, ಆಮೇಲೆ ಚಿತ್ರ ತೆಗೆಯುತ್ತೇನೆ. ನೀವು ಫೋನಿನಲ್ಲಿ ನೋಡಿ ಬಾಯಲ್ಲಿ ನೀರೂರಿಸಿಕೊಳ್ಳುವ ಆ ಬನ್ನನ್ನು ನಾಯಿಗೆ ಹಾಕಿದರೂ ಮೂಸಿ ಬಿಟ್ಟು ಹೋಗುತ್ತದೆ. ಪಕ್ಕದ ಮೇಜಿನವರು ಆ ಚಿತ್ರದ ಕೆಳಗೆ ಎರಡು ಸಾಲು ಬರೆಯುತ್ತಾರೆ. ಜನ ನಗುವುದು, ಗೆಳೆಯರಿಗೆ ಕಳಿಸುವುದು ಆ ಎರಡು ಸಾಲಿಗೆ. ಅದಕ್ಕೇ ಕಚೇರಿಯಲ್ಲಿ ಎಲ್ಲರೂ ಅವರನ್ನು ಮಾತಿನಕ್ಕ ಎನ್ನುತ್ತಾರೆ. ನನ್ನನ್ನು ಕ್ಯಾಮೆರಾ ಎನ್ನುತ್ತಾರೆ. ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತು ಇಲ್ಲಿ ಯಾರಿಗೂ ಇಲ್ಲ.

ತಮಾಷೆಯೆಂದರೆ ಮಾತಿನಕ್ಕನ ಬಾಯಿಂದ ಮಾತು ಹೊರಡುವುದೇ ಅಪರೂಪ. ಬೆಳಿಗ್ಗೆ ಬಂದು ಕುರ್ಚಿಯ ಬೆನ್ನಿಗೆ ಚೀಲ ತಗುಲಿಸಿ, ಕಣ್ಣಿಗೆ ಎರಡೆರಡು ಹನಿ ಔಷಧಿ ಬಿಟ್ಟುಕೊಂಡು, ಬಲ ಮಣಿಕಟ್ಟಿಗೆ ಪಟ್ಟಿ ಸುತ್ತಿ, “ಏನು ತೆಗ್ದೆ ಇವತ್ತು?” ಎನ್ನುತ್ತಾರೆ. ಆಮೇಲೆ ಮಧ್ಯಾಹ್ನದವರೆಗೆ ಕೀಲಿಮಣೆಯ ಸದ್ದು. ಫೋನಿನಲ್ಲಿ ಜನ ನೋಡುವ ಕಂಪನಿಯ ಪುಟಕ್ಕೆ ದಿನಕ್ಕೆ ಮೂರು ಪೋಸ್ಟು ಹೋಗಬೇಕು, ಹನ್ನೊಂದಕ್ಕೆ, ನಾಲ್ಕಕ್ಕೆ, ಏಳಕ್ಕೆ. ಏಳರದ್ದನ್ನು ಮೊದಲೇ ಬರೆದು, ಹೊತ್ತಿಗೆ ಸರಿಯಾಗಿ ತಾನಾಗೇ ಹೋಗುವ ಹಾಗೆ ಮಾಡಿಟ್ಟು ಮನೆಗೆ ಹೋಗುತ್ತಾರೆ. ನಡುವೆ, ಆರ್ಡರು ತಡವಾಯಿತು ಎಂದು ಬೈಯುವವರಿಗೆ, ಕೋಳಿ ಒಳಗೆ ಹಸಿಯಾಗಿತ್ತು ಎನ್ನುವವರಿಗೆ, ಕೆಲಸವಿಲ್ಲದೆ ಕೆಣಕುವವರಿಗೆ ಉತ್ತರ ಕೊಡಬೇಕು. ಎಲ್ಲವೂ ಒಂದೇ ದನಿಯಲ್ಲಿರಬೇಕು. ಬಾಯಿ ಜೋರು, ಮನಸ್ಸು ಮೆತ್ತಗೆ ಇರುವ, ಈ ಊರಿನಲ್ಲೇ ಹುಟ್ಟಿ ಬೆಳೆದ ಒಬ್ಬ ಮುದುಕಿಯ ದನಿ. ಮುಖವಿಲ್ಲದ ಆ ಮುದುಕಿಯನ್ನು ಲಕ್ಷಾಂತರ ಜನ ತಮ್ಮ ಮನೆಯವಳೆಂದೇ ತಿಳಿದಿದ್ದಾರೆ.

ನಮ್ಮದು ಈ ಸೀಮೆಯದೇ ಬರ್ಗರ್ ಕಂಪನಿ. ಮೂವತ್ತೆಂಟು ಅಂಗಡಿ. ಎದುರಾಳಿಗಳು ಹೊರಗಿನಿಂದ ಬಂದವರು, ಅವರದು ಊರಗಲದ ಗಾಜು, ಕಣ್ಣು ಕುಕ್ಕುವ ದೀಪ. ನಮ್ಮದು ‘ನಮ್ಮೂರ ರುಚಿ, ನಮ್ಮೂರ ಮಾತು’ ಎಂಬ ಹಲಗೆ. ನಿಜ ಹೇಳಬೇಕೆಂದರೆ ಬನ್ನು ಎರಡು ದಿನದ ದಾರಿಯ ಕಾರ್ಖಾನೆಯಿಂದ ಮಂಜುಗಟ್ಟಿ ಲಾರಿಯಲ್ಲಿ ಬರುತ್ತದೆ. ಕೋಳಿ ಎಲ್ಲಿಂದ ಬರುತ್ತದೆಂದು ಕೇಳುವ ಪದ್ಧತಿ ಇಲ್ಲ. ಸಾಸಿನ ಪುಡಿಯ ಡಬ್ಬದ ಮೇಲಿನ ಅಕ್ಷರ ಯಾವ ಭಾಷೆಯದೋ ನನಗೆ ಇಂದಿಗೂ ತಿಳಿದಿಲ್ಲ. ಊರಿನದು ಅಂತ ಇದ್ದದ್ದು ಮಾತು ಒಂದೇ. ಆ ಮಾತು ಕೂಡ ಮಾತಿನಕ್ಕನದಲ್ಲ, ಅವರ ಅತ್ತೆಯದು. ಇದು ಗೊತ್ತಿದ್ದವನು ಕಚೇರಿಯಲ್ಲಿ ನಾನೊಬ್ಬನೇ.

ಶುರುವಾದದ್ದು ಐದು ವರ್ಷದ ಹಿಂದೆ. ಒಂದು ಬೆಳಿಗ್ಗೆ ಹನ್ನೊಂದು ಹತ್ತಿರವಾದರೂ ಬರೆಯಲು ಏನೂ ತೋಚದೆ, ಅವತ್ತು ಗಂಡ ಚಪ್ಪಲಿ ಹುಡುಕುವಾಗ ಅತ್ತೆ ಗದರಿದ್ದನ್ನು ಮಾತಿನಕ್ಕ ಹಾಗೇ ಹಾಕಿಬಿಟ್ಟರು. “ಕಣ್ಣು ಮುಖದಲ್ಲಿದೆಯೋ, ಬೀರುನಲ್ಲಿಟ್ಟು ಬಂದ್ಯೋ?” ಕೆಳಗೆ ಹೊಸ ಬನ್ನಿನ ಚಿತ್ರ. ಸಂಜೆಯ ಹೊತ್ತಿಗೆ ಊರಿಗೆ ಊರೇ ಅದನ್ನು ಒಬ್ಬರಿಗೊಬ್ಬರು ಕಳಿಸಿಕೊಂಡು ನಕ್ಕಿತ್ತು. ದೂರದ ನಗರಗಳಿಗೆ ಹೋಗಿ ಸೇರಿದವರು “ಇದು ನಮ್ಮೂರ ಬಾಯಿ, ಬೇರೆಯವರಿಗೆ ಇದು ಬರುತ್ತಾ?” ಎಂದು ಎದೆ ತಟ್ಟಿಕೊಂಡರು. “ತೀರಿಕೊಂಡ ನಮ್ಮಜ್ಜಿ ಎದ್ದು ಬಂದು ಬೈದ ಹಾಗಾಯ್ತು” ಎಂದು ಯಾರೋ ಬರೆದರು. ನಮ್ಮ ಮ್ಯಾನೇಜರ್ ಓಡಿ ಬಂದು, “ಮೇಡಂ, ಇದೇ ಬೇಕಾಗಿತ್ತು! ಇನ್ನೊಂಚೂರು ಊರಿನ ಹಾಗೆ ಇರ್ಲಿ ಅಷ್ಟೇ” ಎಂದರು. ಏನು ಕೊಟ್ಟರೂ ಅವರು ಹೇಳುವುದು ಇದನ್ನೇ, ಹಾಗಾಗಿ ಬೆನ್ನ ಹಿಂದೆ ನಾವು ಅವರನ್ನು ‘ಇನ್ನೊಂಚೂರು ಸಾರ್’ ಎನ್ನುತ್ತೇವೆ.

ಅಲ್ಲಿಂದ ಅದೇ ಕಸುಬಾಯಿತು. ಬೆಳಿಗ್ಗೆ ಅತ್ತೆ ಒಲೆಯ ಮುಂದೆ ನಿಂತು ಪಾತ್ರೆಗೆ, ನಲ್ಲಿಗೆ, ಮಗನಿಗೆ, ರೇಡಿಯೋದಲ್ಲಿ ಸುದ್ದಿ ಓದುವವನಿಗೆ ಏನಾದರೂ ಅನ್ನುತ್ತಾರೆ. ಸೊಸೆ ಪಕ್ಕದಲ್ಲಿ ನಿಂತು ಈರುಳ್ಳಿ ಹೆಚ್ಚುತ್ತಾ, ಒದ್ದೆ ಹೆಬ್ಬೆರಳಿನಲ್ಲೇ ಫೋನಿಗೆ ಕುಟ್ಟಿಕೊಳ್ಳುತ್ತಾರೆ. ಫೋನಿನಲ್ಲಿ ಆ ಪಟ್ಟಿಯ ಹೆಸರು ‘ತರಕಾರಿ’.

“ಏನೇ ಅದು, ಯಾವಾಗ್ಲೂ ಕುಟ್ತಾ ಇರ್ತೀಯ?”

“ತರಕಾರಿ ಪಟ್ಟಿ ಅತ್ತೆ.”

“ಅಷ್ಟೊಂದು ತರಕಾರಿ ಎಲ್ಲೇ ಹೋಗುತ್ತೆ? ತಟ್ಟೇಲಂತೂ ಕಾಣಲ್ಲ.”

ಇದೂ ಪಟ್ಟಿಗೆ ಸೇರಿತು. ಕಾಳಷ್ಟು ತಿಂದು ಎದ್ದ ಮಗನಿಗೆ “ಇದೇನು ಊಟಾನಾ, ತಟ್ಟೆಗೆ ಸಮಾಧಾನಾನಾ?” ಎಂದದ್ದು ಕರಿದ ಕೋಳಿಯ ದೊಡ್ಡ ಡಬ್ಬದ ಜಾಹೀರಾತಾಯಿತು. ಹಸಿವಿಲ್ಲ ಎಂದವನಿಗೆ “ಹೊಟ್ಟೇನ ಬಾಡಿಗೆಗೆ ಕೊಟ್ಟಿದ್ದೀಯಾ?” ಎಂದದ್ದು ಅಂಗಡಿಗಳ ಗೋಡೆಗೆ ಹತ್ತಿತು. ಕುಕ್ಕರಿಗೆ ಹೇಳಿದ್ದೊಂದನ್ನು ಮಾತ್ರ ಮಾತಿನಕ್ಕ ನನಗೆ ಎರಡು ಸಲ ಓದಿ ತೋರಿಸಿದ್ದರು. “ಕೂಗು, ಕೂಗು. ನಿನ್ನನ್ನಾದ್ರೆ ಯಾರಾದ್ರೂ ಬಂದು ಇಳಿಸ್ತಾರೆ.”

“ಅತ್ತೆಗೆ ಹೇಳಿಬಿಡಿ ಅಕ್ಕಾ, ಖುಷಿಪಡ್ತಾರೆ” ಎಂದು ನಾನು ಎಷ್ಟೋ ಸಲ ಹೇಳಿದ್ದೆ.

“ಮೊದಲ್ನೇ ದಿನ ಹೇಳ್ಬೇಕಿತ್ತು ಕಣೋ. ಎರಡನೇ ದಿನ ನಾಚಿಕೆ ಆಯ್ತು. ಈಗ ಹೇಗೆ ಹೇಳ್ಲಿ? ಐದು ವರ್ಷದಿಂದ ನಿಮ್ಮ ಬಾಯಿ ಕದ್ದು ಸಂಬಳ ತಗೋತಿದ್ದೀನಿ ಅನ್ಲಾ?”

ಆದರೆ ಆ ಕಳ್ಳತನಕ್ಕೂ ಅವರು ಒಂದು ಗೆರೆ ಹಾಕಿಕೊಂಡಿದ್ದರು. ಒಲೆಯ ಮುಂದೆ ಹೇಳಿದ್ದನ್ನು ಬರೆದುಕೊಳ್ಳಬಹುದು, ಬಟ್ಟೆ ಮಡಚುವಾಗ ಹೇಳಿದ್ದನ್ನು ಬರೆಯಬಾರದು.

ಬಟ್ಟೆ ಮಡಚುವುದೆಂದರೆ ಸಂಜೆಯ ಆರರ ಹೊತ್ತು. ಗಂಡ ರಟ್ಟಿನ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿಯವರು, ಆ ಹೊತ್ತಿಗೆ ಮನೆಯಲ್ಲಿರುವುದಿಲ್ಲ. ಮಾತಿನಕ್ಕ ಕಚೇರಿಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅತ್ತೆ ಒಣಗಿದ ಬಟ್ಟೆಯ ರಾಶಿಯನ್ನು ಮಂಚದ ಮೇಲೆ ಸುರಿದಿರುತ್ತಾರೆ. ಇಬ್ಬರೂ ಎದುರುಬದುರು ಕೂತು ಮಡಚುತ್ತಾರೆ. ಹೊದಿಕೆಯಾದರೆ ಎದ್ದು ನಿಂತು ಇಬ್ಬರೂ ಎರಡೆರಡು ತುದಿ ಹಿಡಿದು ಹತ್ತಿರ ಬರುತ್ತಾರೆ. ಆಗ ಅತ್ತೆಯ ದನಿಯೇ ಬೇರೆಯಂತೆ. ಗದರುವುದಿಲ್ಲ, ಕುಟುಕುವುದಿಲ್ಲ, ಮೆಲ್ಲಗೆ ಏನೋ ಹಳೆಯದನ್ನು ಹೇಳುತ್ತಾರಂತೆ.

“ದಿನದಲ್ಲಿ ಯಾರೂ ನನ್ನಿಂದ ಏನೂ ಕೇಳದೇ ಇರೋ ಅರ್ಧ ಗಂಟೆ ಅಂದ್ರೆ ಅದೊಂದೇ” ಎಂದಿದ್ದರು ಮಾತಿನಕ್ಕ. “ಅದಿಲ್ಲದಿದ್ರೆ ನಾನು ಯಾವತ್ತೋ ಮೂಲೆ ಹಿಡೀತಿದ್ದೆ.”

ಆ ಅರ್ಧ ಗಂಟೆಯಲ್ಲಿ ಕೇಳಿದ್ದೇ ಮಾವನ ವಿಷಯ. ಮಾವ ಮೂವತ್ತೊಂದು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವರು, ತೀರಿಕೊಂಡು ನಾಲ್ಕು ವರ್ಷ. ಸಂಜೆ ಆರೂಕಾಲಿಗೆ ಕೆಲಸ ಮುಗಿಸಿ ಬಂದರೆ ಅವರು ಬಾಗಿಲು ತಟ್ಟುತ್ತಿರಲಿಲ್ಲ, ಗಂಟೆ ಒತ್ತುತ್ತಿರಲಿಲ್ಲ. ಹೊರಗೆ ನಿಂತು, ದಿನವೆಲ್ಲ ಕೂಗಿ ಸವೆದ ಗಂಟಲಿನಲ್ಲಿ, ನಿಲ್ದಾಣದ ಹೆಸರು ಹೇಳುವ ಧಾಟಿಯಲ್ಲೇ ಹೇಳುತ್ತಿದ್ದರು, “ಬಾಗಿಲು ತೆಗಿ, ಹಸಿವು ಬಂದಿದೆ.”

ಒಳಗಿನಿಂದ ಅತ್ತೆ ಕೇಳುತ್ತಿದ್ದರು, “ಹಸಿವು ಒಂದೇ ಬಂದಿದೆಯೋ, ಜೊತೆಗೆ ಯಾರಾದ್ರೂ ಇದ್ದಾರೋ?”

“ಒಬ್ಬ ಬಡಪಾಯಿ ಇದ್ದಾನೆ. ಅವನನ್ನೂ ಒಳಗೆ ಸೇರಿಸ್ಕೋ.”

ಆಮೇಲೆ ಚಿಲಕದ ಸದ್ದು. ಮೂವತ್ತು ವರ್ಷಕ್ಕೂ ಮಿಕ್ಕಿ ದಿನವೂ ಇಷ್ಟೇ. ಜಗಳವಾಡಿದ ದಿನವೂ ತಪ್ಪಿರಲಿಲ್ಲವಂತೆ, ದನಿ ಸ್ವಲ್ಪ ಬಿಗಿಯಾಗಿರುತ್ತಿತ್ತು ಅಷ್ಟೇ. ಆ ಹೊತ್ತಿಗೆ ಬೀದಿಯಲ್ಲಿ ಆಡಿಕೊಂಡಿರುತ್ತಿದ್ದ ಮಗನಿಗೂ ಇದನ್ನು ಅತ್ತೆ ಬಿಡಿಸಿ ಹೇಳಿದವರಲ್ಲ. ಸೊಸೆಗೆ ಹೇಳಿದ್ದರು, ಒಮ್ಮೆ, ದಿಂಬಿನ ಚೀಲ ಮಡಚುತ್ತಾ.

ಈ ವರ್ಷ ಹೊರಗಿನ ಕಂಪನಿಯೊಂದು ನಮ್ಮ ಮೊದಲ ಅಂಗಡಿಯ ಎದುರಿಗೇ ಅಂಗಡಿ ತೆರೆಯಿತು. ನಮ್ಮ ಮಾಲೀಕರಿಗೆ ತಲೆ ಕೆಟ್ಟಿತು. ಮನೆಮನೆಗೆ ತಲುಪಿಸುವ ಸೇವೆಗೆ ಊರೇ ತಿರುಗಿ ನೋಡುವಂಥ ಒಂದು ಸಾಲು ಬೇಕು ಎಂದು ಸಭೆ ಕರೆದರು. ಎರಡು ದಿನ, ಬೆಳಿಗ್ಗೆಯಿಂದ ಸಂಜೆಯವರೆಗೆ, ಕಿಟಕಿಯಿಲ್ಲದ ಕೋಣೆ. ಮಾತಿನಕ್ಕ ಒಂದೊಂದೇ ಸಾಲು ಓದುತ್ತಾ ಹೋದರು. ಹದಿನಾಲ್ಕು ಸಾಲು ಮುಗಿದವು, ‘ತರಕಾರಿ’ ಪಟ್ಟಿ ಬರಿದಾಯಿತು.

“ಚೆನ್ನಾಗಿದೆ ಮೇಡಂ, ಆದ್ರೆ ಇನ್ನೊಂಚೂರು. ಬಾಗಿಲಲ್ಲಿ ನಿಂತು ಹೇಳೋ ಹಾಗೆ. ನಮ್ಮವನೇ ಬಂದ ಅನ್ನಿಸ್ಬೇಕು” ಎಂದರು ಮ್ಯಾನೇಜರ್. “ಇದು ನಮ್ಮೂರಿನ ಸ್ವಾಭಿಮಾನದ ಪ್ರಶ್ನೆ.”

ನಾನು ಮಾತಿನಕ್ಕನ ಮುಖ ನೋಡಿದೆ. ಆ ವಾರ ಗಂಡನಿಗೆ ಜ್ವರ, ಪುಟದಲ್ಲಿ ಹಳಸಿದ ಕೋಳಿಯದೊಂದು ಗಲಾಟೆ, ಮಣಿಕಟ್ಟು ಊದಿ ಪಟ್ಟಿ ಸುತ್ತಲೂ ಆಗದ ಸ್ಥಿತಿ. ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ಮುಚ್ಚಿದ ಕಣ್ಣಲ್ಲೇ ಹೇಳಿದರು, “ಬಾಗಿಲು ತೆಗಿ, ಹಸಿವು ಬಂದಿದೆ.”

ಮಾಲೀಕರು ಮೇಜು ಕುಟ್ಟಿದ ಸದ್ದಿಗೆ ನನ್ನ ಚಹಾ ಚೆಲ್ಲಿತು. ಜೀವಮಾನದಲ್ಲಿ ಮೊದಲ ಸಲ ಮ್ಯಾನೇಜರ್ ‘ಇನ್ನೊಂಚೂರು’ ಎನ್ನಲಿಲ್ಲ. ಮಾತಿನಕ್ಕ ಕಣ್ಣು ತೆರೆದು, “ಸಾರ್, ಅದು ಬೇಡ. ಅದು ಸುಮ್ನೆ ಬಾಯಿ ತಪ್ಪಿ ಬಂತು” ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರೂ ಎದ್ದು ನಿಂತು ಕೈ ಕುಲುಕುತ್ತಿದ್ದರು.

ಹದಿನೈದು ದಿನದಲ್ಲಿ ಆ ಸಾಲು ಎಲ್ಲೆಲ್ಲಿ ಇರಲಿಲ್ಲ! ಕಾಗದದ ಚೀಲದ ಮೇಲೆ, ಲೋಟದ ಮೇಲೆ, ಬಸ್ಸಿನ ಬೆನ್ನಿಗೆ, ವೃತ್ತದ ದೊಡ್ಡ ಫಲಕಕ್ಕೆ. ಅದರ ಚಿತ್ರ ತೆಗೆದವನು ನಾನೇ, ಸಂಬಳದವನು ಬೇರೇನು ಮಾಡಲಿ? ಸಾಲದ್ದಕ್ಕೆ ಡೆಲಿವರಿಯವರಿಗೆಲ್ಲ ತರಬೇತಿ ಕೊಟ್ಟರು. ಪ್ರತಿ ಬಾಗಿಲ ಮುಂದೆ ನಿಂತು ಈ ಸಾಲು ಹೇಳಲೇಬೇಕು. ಹೇಳದಿದ್ದರೆ ಗಿರಾಕಿ ಫೋನಿನಲ್ಲಿ ಅವರಿಗೆ ಒಂದು ಸ್ಟಾರ್ ಕಡಿಮೆ ಕೊಡಬಹುದು.

ಮಾತಿನಕ್ಕ ಮಧ್ಯಾಹ್ನದ ಡಬ್ಬಿಯನ್ನು ಬಿಚ್ಚದೆ ಹಾಗೇ ಮನೆಗೆ ಒಯ್ಯತೊಡಗಿದರು. “ಅತ್ತೆಗೆ ಗೊತ್ತಾದ್ರೆ ಬೈಯಲ್ಲ ಕಣೋ, ಬೈದ್ರೆ ಪರವಾಗಿಲ್ಲ. ಇನ್ನು ಮೇಲೆ ನನ್ನ ಹತ್ರ ಏನೂ ಹೇಳಲ್ಲ. ಸುಮ್ನೆ ಬಟ್ಟೆ ಮಡಚ್ತಾರೆ. ಅದು ನನ್ನಿಂದ ತಡ್ಕೊಳ್ಳಕ್ಕಾಗಲ್ಲ” ಎಂದರು. ಅತ್ತೆಗೆ ಮಂಡಿನೋವು, ಹೊರಗೆ ಓಡಾಟ ಕಡಿಮೆ ಎಂಬುದೊಂದೇ ಧೈರ್ಯ. ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ವೃತ್ತದ ದಾರಿ ಬಿಟ್ಟು ಸುತ್ತುಬಳಸಿ ಹೋಗಲು ಆಟೋದವನಿಗೆ ಹೇಳಿದರು. ರೇಡಿಯೋದಲ್ಲಿ ಆ ಜಾಹೀರಾತು ಬರುವ ಹೊತ್ತು ಗೊತ್ತಿತ್ತಲ್ಲ, ಆಗೆಲ್ಲ ಮಿಕ್ಸಿ ತಿರುಗಿಸಿದರು. ಡೆಲಿವರಿ ವಿಭಾಗದವನಿಗೆ ನಾನು ದುಂಬಾಲು ಬಿದ್ದು ಅವರ ಮನೆ ವಿಳಾಸಕ್ಕೆ ‘ಬಾಗಿಲಿಗೆ ಹೋಗಬೇಡಿ, ಫೋನ್ ಮಾಡಿ’ ಎಂದು ಗುರುತು ಹಾಕಿಸಿದೆ. ಬೆಳಿಗ್ಗೆ ಒಲೆಯ ಮುಂದೆ ಫೋನು ಮುಟ್ಟುವುದನ್ನೂ ಮಾತಿನಕ್ಕ ಬಿಟ್ಟರು. ಪುಟದ ಮುದುಕಿ ಸಪ್ಪಗಾದಳು. ಜನ “ಅಜ್ಜಿಗೆ ಮೈ ಸರಿಯಿಲ್ವಾ?” ಎಂದು ಕೇಳತೊಡಗಿದರು.

ಅಷ್ಟರಲ್ಲಿ ಮ್ಯಾನೇಜರ್ ಮತ್ತೆ ಬಂದರು. “ಮೇಡಂ, ಎರಡನೇ ಕಂತು. ಹೊರಗಿನವನು ಬಾಗಿಲು ತೆಗಿ ಅಂದ. ಒಳಗಿನವರು ಏನಂತಾರೆ? ಆ ಉತ್ತರ ಬೇಕು. ಸೋಮವಾರ ಬೆಳಿಗ್ಗೆ ಮಾಲೀಕರೇ ಬರ್ತಾರೆ. ಈಚೆಗೆ ನಿಮ್ಮ ಬರವಣಿಗೆ ಸ್ವಲ್ಪ ಇಳೀತಾ ಇದೆ, ಬೇರೆಯವರಿಗೆ ಕೊಡೋಣ ಅಂತಿದ್ರು, ನಾನೇ ತಡೆದಿದ್ದೀನಿ.”

ಅವರು ಹೋದ ಮೇಲೆ ನಾನು ಬಾಯಿ ಹಾಕಿದೆ. ಹಾಕಬಾರದಿತ್ತು. “ಅಕ್ಕಾ, ಅರ್ಧ ಹೋದ ಮೇಲೆ ಇನ್ನರ್ಧಕ್ಕೆ ಯಾಕೆ ಒದ್ದಾಡ್ತೀರಾ? ಕೊಟ್ಟು ಕೈ ತೊಳ್ಕೊಳ್ಳಿ. ನಿಮಗೂ ಸಾಕಾಗಿದೆ.”

ಅವರು ನನ್ನನ್ನು ನೋಡಿದ ನೋಟ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. “ಸಾಕಾಗಿದೆ ಅಂತಾನೇ ಮೊದಲ್ನೇ ಅರ್ಧ ಕೊಟ್ಟಿದ್ದು” ಎಂದು ಪರದೆಯ ಕಡೆ ತಿರುಗಿದರು.

ಆ ಭಾನುವಾರ ಸಂಜೆ ನಾನು ಅವರ ಮನೆಗೆ ಹೋದೆ, ಗಂಡ ಅವತ್ತೂ ಪಾಳಿಗೆ ಹೋಗಿದ್ದರು. ಅತ್ತೆಯ ಪಿಂಚಣಿ ಕಾಗದಕ್ಕೆ ಹೊಸ ಭಾವಚಿತ್ರ ಬೇಕಿತ್ತು, ಮೆಟ್ಟಿಲಿಳಿದು ಸ್ಟುಡಿಯೋಗೆ ಹೋಗಲು ಮಂಡಿ ಒಪ್ಪದು, ಕ್ಯಾಮೆರಾದವನು ಗೊತ್ತಿದ್ದಾನಲ್ಲ, ಅವನನ್ನೇ ಕರಿ ಎಂದರಂತೆ. ಎರಡನೇ ಮಹಡಿ. ಸಣ್ಣ ಹಜಾರ, ಮಂಚ, ಮಂಚದ ಮೇಲೆ ಇನ್ನೂ ಮಡಚದ ಬಟ್ಟೆಯ ರಾಶಿ, ಬಾಗಿಲ ಪಕ್ಕದ ಮೊಳೆಯಲ್ಲಿ ಕಂಡಕ್ಟರನ ಹಳೆಯ ಚರ್ಮದ ಚೀಲ. ಐದು ವರ್ಷದಿಂದ ಯಾರ ಮಾತಿಗೆ ಎಳ್ಳು ಅಂಟಿಸಿದ್ದೆನೋ ಅವರನ್ನು ಮೊದಲ ಸಲ ಕಂಡೆ. ಗಿಡ್ಡಗೆ, ಸಣ್ಣಗೆ, ಮೂಗಿನ ತುದಿಯಲ್ಲಿ ಕನ್ನಡಕ.

“ನೀನೇನಪ್ಪಾ ಬನ್ನಿನ ಫೋಟೋ ತೆಗೆಯೋನು? ನನ್ನನ್ನೂ ಹಾಗೇ ಉಬ್ಬಿಸಿ ತೆಗಿ ನೋಡೋಣ.”

“ನಿಮಗೆ ಎಣ್ಣೆ ಸವರ್ಬೇಕಾಗುತ್ತೆ ಅಮ್ಮಾ” ಎಂದೆ. ಜೋರಾಗಿ ನಕ್ಕರು.

ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿ ಕೂರಿಸಿದೆ. ಹಿಂದೆ ಮಾತಿನಕ್ಕ ಬಿಳಿ ಹೊದಿಕೆ ಹಿಡಿದು ನಿಂತರು. ಪಿಂಚಣಿ ಕಚೇರಿಯ ನಿಯಮ ಹೇಳಿದೆ, ನೇರ ನೋಡಬೇಕು, ಕನ್ನಡಕ ತೆಗೆಯಬೇಕು, ಬಾಯಿ ಮುಚ್ಚಿರಬೇಕು. “ಬಾಯಿ ಮುಚ್ಚೋದೊಂದೇ ಕಷ್ಟ” ಎಂದು ಗೊಣಗಿ ಅತ್ತೆ ತುಟಿ ಬಿಗಿದರು. ಗೋಡೆ ಗಡಿಯಾರದಲ್ಲಿ ಆರೂ ಇಪ್ಪತ್ತಾಗಿತ್ತು. ನಾನು ಬೆರಳನ್ನು ಗುಂಡಿಯ ಮೇಲಿಟ್ಟಿದ್ದೆ.

ಬಾಗಿಲ ಹೊರಗೆ ಮೆಟ್ಟಿಲು ಹತ್ತಿ ಬಂದವರ ಏದುಸಿರು ಕೇಳಿತು. ಆಮೇಲೆ ಗಂಡಸಿನ ದನಿ.

“ಬಾಗಿಲು ತೆಗಿ, ಹಸಿವು ಬಂದಿದೆ.”

ರೇಡಿಯೋದಲ್ಲಿ ಅದನ್ನು ಹೇಳುವವನು ಕುಣಿಯುತ್ತಾ ಹೇಳುತ್ತಾನೆ. ಈ ಮನುಷ್ಯ ಬೆಳಿಗ್ಗೆಯಿಂದ ನಲವತ್ತು ಬಾಗಿಲಿಗೆ ಅದನ್ನೇ ಹೇಳಿ ಬಂದವನಿರಬೇಕು. ಗಂಟಲು ಸವೆದಿತ್ತು. ಉತ್ಸಾಹವಿಲ್ಲ, ಏರಿಳಿತವಿಲ್ಲ, ಕೆಲಸ ಮುಗಿದರೆ ಸಾಕಪ್ಪಾ ಎನ್ನುವ ದನಿ.

ಅತ್ತೆ ಯೋಚಿಸಲಿಲ್ಲ. ಯೋಚಿಸುವಷ್ಟು ಹೊತ್ತೂ ಆಗಿರಲಿಲ್ಲ. ಮುಖ ಬಾಗಿಲ ಕಡೆ ತಿರುಗಿತು, ಬಿಗಿದ ತುಟಿ ಬಿಚ್ಚಿತು.

“ಹಸಿವು ಒಂದೇ ಬಂದಿದೆಯೋ, ಜೊತೆಗೆ ಯಾರಾದ್ರೂ ಇದ್ದಾರೋ?”

ನನ್ನ ಬೆರಳು ಗುಂಡಿ ಒತ್ತಿತ್ತು. ಹೊರಗಿನವನಿಗೆ ಕಲಿಸಿಕೊಟ್ಟದ್ದು ಒಂದೇ ಸಾಲು. ತಪ್ಪು ಮಾಡಿದವನ ಹಾಗೆ, “ಒಬ್ನೇ ಇದ್ದೀನಿ ಅಮ್ಮಾ. ಆರ್ಡರ್ ಇತ್ತು” ಎಂದ.

ಅತ್ತೆ ಎದ್ದರು. ಮಾತಿನಕ್ಕ ಕೈಯಲ್ಲಿ ಹೊದಿಕೆ ಹಿಡಿದೇ ನಿಂತಿದ್ದರು. ಬಾಗಿಲು ತೆಗೆದಾಗ ಹೆಲ್ಮೆಟ್ಟು ಹಾಕಿದ, ನನ್ನ ವಯಸ್ಸಿನ ಒಬ್ಬಾತ ನಿಂತಿದ್ದ. ಆರ್ಡರು ಮಾಡಿದ್ದು ಮೇಲಿನ ಮಹಡಿಯವರು. ಅವನು ಮಹಡಿ ಎಣಿಸುವುದರಲ್ಲಿ ತಪ್ಪಿದ್ದ. ಅತ್ತೆ ಅವನ ಕೈಯ ಚೀಲವನ್ನು ನೋಡಿದರು, ಕನ್ನಡಕ ಹಾಕಿಕೊಂಡು ಅದರ ಮೇಲಿನ ಅಕ್ಷರ ಓದಿದರು, ಒಂದು ಸಲವಲ್ಲ, ಎರಡು ಸಲ.

“ಮೇಲೆ ಹೋಗಪ್ಪಾ” ಎಂದರು. “ನೀರು ಬೇಕಾ?”

ಅವನು ಬೇಡವೆಂದು ತಲೆಯಾಡಿಸಿ ಹೋದ. ಅತ್ತೆ ಬಾಗಿಲು ಹಾಕಿ, ಚಿಲಕ ಸರಿಸಿ, ಬಂದು ಮಂಚದ ಮೇಲೆ ಬಟ್ಟೆಯ ರಾಶಿಯ ಪಕ್ಕ ಕೂತರು.

“ಅತ್ತೆ” ಎಂದರು ಮಾತಿನಕ್ಕ.

“ತರಕಾರಿ ಪಟ್ಟಿ ಅಲ್ಲ ಅಂತ ನನಗೆ ಗೊತ್ತು ಕಣೇ” ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಭಯವಾಗುವಂತಿತ್ತು. “ಕೆಳಗಿನ ಮನೆ ಟೈಲರಮ್ಮ ಮೂರು ವರ್ಷದ ಹಿಂದೇನೇ ಫೋನಲ್ಲಿ ತೋರಿಸಿದ್ಲು. ನಿಮ್ಮ ಮಾತು ಊರೆಲ್ಲ ಓಡಾಡ್ತಿದೆ ಅಂತ. ಅವಳೀಗ ಮಗಳ ಬಾಣಂತನಕ್ಕೆ ಹೋಗಿದ್ದಾಳೆ. ಇಲ್ಲದಿದ್ರೆ ಇದೂ ಆವತ್ತೇ ಗೊತ್ತಾಗ್ತಿತ್ತು.”

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ಅತ್ತೆ?”

“ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ. ಸಂಜೆ ಬರುವಾಗ ನಿನ್ನ ಮುಖ ನೋಡೋಕಾಗ್ತಿರಲಿಲ್ಲ, ಅಷ್ಟು ಸೋತಿರುತ್ತೆ. ನಾಳೆಗೆ ಒಂದಾದ್ರೂ ಇರ್ಲಿ ಅಂತ ಮಧ್ಯಾಹ್ನ ಪೂರ್ತಿ ಕೂತು ಯೋಚಿಸಿ ಬೆಳಿಗ್ಗೆ ಹೇಳ್ತಿದ್ದೆ. ಆ ಕುಕ್ಕರಿನ ಮಾತು ತಾನಾಗೇ ಬಂತು ಅಂದ್ಕೊಂಡ್ಯಾ? ಎರಡು ದಿನ ತಗೊಂಡಿತು.”

ಮಾತಿನಕ್ಕ ಹೊದಿಕೆಯನ್ನು ಎದೆಗೆ ಅವುಚಿಕೊಂಡು ನೆಲದ ಮೇಲೆ ಕುಸಿದು ಕೂತರು. ಅಳು ಬಂದಿತ್ತು, ಸದ್ದಿಲ್ಲದ ಅಳು.

“ಕೇಳಿದ್ರೆ ಇನ್ನೂ ನೂರು ಕೊಡ್ತಿದ್ದೆನಲ್ಲೇ” ಎಂದರು ಅತ್ತೆ. ರಾಶಿಯಿಂದ ಒಂದು ಟವೆಲು ಎಳೆದು, ಮಡಚಿ, ಮತ್ತೆ ಬಿಡಿಸಿದರು. “ಒಲೆ ಮುಂದೆ ಹೇಳಿದ್ದೆಲ್ಲ ನಿನ್ನ ಕಂಪನಿಗೆ ಹೇಳಿದ್ದು. ಅದೊಂದು ನಿನಗೆ ಹೇಳಿದ್ದು.”

ನಾನು ಕ್ಯಾಮೆರಾ ಚೀಲಕ್ಕೆ ಹಾಕಿದೆ. ಚಿಲಕ ತೆಗೆಯುವಾಗ ಅತ್ತೆ ಕೇಳುವುದು ಕೇಳಿಸಿತು, “ಒಳಗಿನಿಂದ ನಾನು ಅಂದದ್ದು, ಅದಕ್ಕೆ ಅವರು ಅಂದದ್ದು, ಅದನ್ನೂ ಕೊಟ್ಟುಬಿಟ್ಟಿದ್ದೀಯಾ?”

“ಇಲ್ಲ ಅತ್ತೆ. ಕೊಟ್ಟಿಲ್ಲ.”

“ಹಾಗಾದ್ರೆ ಅದಾದ್ರೂ ಇರ್ಲಿ.”

ಸೋಮವಾರ ಮಾಲೀಕರು ಬಂದರು. ಮ್ಯಾನೇಜರ್ ಪೆನ್ನು ಹಿಡಿದು ಕೂತಿದ್ದರು. ಮಾತಿನಕ್ಕ ಎದ್ದು ನಿಂತು, “ಉತ್ತರ ಇಲ್ಲ ಸಾರ್” ಎಂದರು.

“ಇಲ್ಲ ಅಂದ್ರೆ? ಹೊರಗಿನವನು ಕೂಗಿದ ಮೇಲೆ ಒಳಗಿನವರು ಏನಾದ್ರೂ ಅಂತಾರಲ್ಲ?”

“ಅಂತಾರೆ. ಅದು ಅವರವರ ಮನೇದು ಸಾರ್.”

ಸಭೆ ಮುಗಿಯಿತು. ಎರಡನೇ ಕಂತಿನ ಕೆಲಸ ಹೊರಗಿನ ಏಜೆನ್ಸಿಗೆ ಹೋಯಿತು. ನಮ್ಮೂರಿಗೆ ಒಮ್ಮೆಯೂ ಕಾಲಿಡದ ಯಾರೋ ಬರೆದುಕೊಟ್ಟ ಉತ್ತರ ಈಗ ಚೀಲದ ಇನ್ನೊಂದು ಬದಿಗಿದೆ, ‘ಬಂದೆ ಬಂದೆ, ಬಿಸಿಬಿಸಿ ತಂದೆ!’ ಬಾಗಿಲು ತೆಗೆಯುವವರು ಯಾರು, ತಂದವರು ಯಾರು ಎಂದು ಕೇಳಬೇಡಿ. ಮಾಲೀಕರಿಗೆ ಇಷ್ಟವಾಯಿತು. ಮೂರು ಪೋಸ್ಟಿನ ಕೆಲಸ ಮಾತ್ರ ಮಾತಿನಕ್ಕನಿಗೇ ಉಳಿಯಿತು, ಅದನ್ನು ಮಾಡಲು ಬೇರೆ ಯಾರೂ ಸಿಗಲಿಲ್ಲವಂತೆ.

ಅತ್ತೆಯ ಆ ಚಿತ್ರ ನನ್ನ ಹತ್ತಿರವೇ ಇದೆ. ಪಿಂಚಣಿ ಕಚೇರಿಗೆ ಅದು ನಡೆಯಲಿಲ್ಲ, ಬಾಯಿ ತೆರೆದಿದೆ, ಮುಖ ಬಾಗಿಲ ಕಡೆ ತಿರುಗಿದೆ. ನಾನು ತೆಗೆದ ಸಾವಿರಾರು ಚಿತ್ರಗಳಲ್ಲಿ ಏನನ್ನೂ ಸವರದೆ, ಏನನ್ನೂ ತುರುಕದೆ ತೆಗೆದದ್ದು ಅದೊಂದೇ. ಎಪ್ಪತ್ತರ ಹೆಂಗಸಿನ ಮುಖ ಅದರಲ್ಲಿ ಮೂವತ್ತರದ್ದಾಗಿದೆ. ಮಾತಿನಕ್ಕನಿಗೆ ಇನ್ನೂ ತೋರಿಸಿಲ್ಲ, ಧೈರ್ಯ ಬಂದಿಲ್ಲ. ಇನ್ನೊಂದು ದಿನ ಅವರ ಮನೆಗೆ ಹೋಗಿ ಪಿಂಚಣಿ ಕಚೇರಿಗೆ ಬೇರೊಂದು ಚಿತ್ರ ತೆಗೆದುಕೊಟ್ಟೆ. ಅದರಲ್ಲಿ ಬಾಯಿ ಸರಿಯಾಗಿ ಮುಚ್ಚಿದೆ.

ಮೂರು ವಾರ ಅತ್ತೆ ಒಲೆಯ ಮುಂದೆ ಏನೂ ಅನ್ನಲಿಲ್ಲವಂತೆ. ಉಪ್ಪು ಕೊಡು, ನೀರು ಬಿಡು, ಅಷ್ಟೇ. ನಾಲ್ಕನೇ ವಾರ ಒಂದು ಬೆಳಿಗ್ಗೆ ಹಾಲು ಉಕ್ಕಿದಾಗ ಅದಕ್ಕೇನೋ ಗದರಿ, ಸೊಸೆಯ ಕಡೆ ತಿರುಗದೆಯೇ, “ಬರ್ಕೋ. ಇದು ಕಂಪನಿಗೆ” ಎಂದರಂತೆ. ಈಗ ಫೋನಿನಲ್ಲಿ ಪಟ್ಟಿಯ ಹೆಸರು ಬದಲಾಗಿದೆ, ‘ಅತ್ತೆ’ ಎಂದಿದೆ. ಮುದುಕಿ ಮತ್ತೆ ಚುರುಕಾಗಿದ್ದಾಳೆಂದು ಜನ ಖುಷಿಯಾಗಿದ್ದಾರೆ. ಸಂಜೆ ಇಬ್ಬರೂ ಬಟ್ಟೆ ಮಡಚುತ್ತಾರೆ, ಹೊದಿಕೆಯ ತುದಿ ಹಿಡಿದು ಹತ್ತಿರ ಬರುತ್ತಾರೆ, ತುದಿಗೆ ತುದಿ ಕೂಡಿಸಿ ದೂರ ಹೋಗುತ್ತಾರೆ. ಮಾತಿಲ್ಲ.

ನಾನು ದಿನವೂ ಕೇಳುತ್ತೇನೆ. ಇವತ್ತೂ ಕೇಳಿದೆ, “ಬಂತಾ ಅಕ್ಕಾ?”

“ಕಂಪನಿಗೆ ಮೂರು ಬಂದಿದೆ” ಎಂದರು, ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುತ್ತಾ.

“ನಿಮಗೆ?”

ಮುಖ ಮೇಲೆ ಮಾಡಿ ಇನ್ನೊಂದು ಹನಿ ಬಿಟ್ಟುಕೊಂಡರು. ಆಮೇಲೆ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು, “ಏನು ತೆಗ್ದೆ ಇವತ್ತು, ತೋರ್ಸು” ಎಂದರು.